ಪ್ಲಾಟಿನೋ ತೆಗೆದ ಮೇಲೆ

ಫೆಬ್ರವರಿ 6, ಮಂಗಳವಾರ

ಗಾಡಿ ಮತ್ತೆ ನಿಂತಿತು. ಈ ಸಲ ಏರಿನ ನಟ್ಟನಡುವೆ, ಬ್ರೆಡ್ಡಿನ ಸಾಲಿನ ಎದುರಿಗೇ. ಮೊದಲು ಎಡಗಡೆಯ ಸಿಲಿಂಡರ್ ಸತ್ತಿತು. ಉಳಿದ ಒಂದರಿಂದ ಸೈಡ್‌ಕಾರನ್ನೂ ಅದರೊಳಗೆ ಕೂತ ನನ್ನ ಗಂಡ ಎವೆಲಿಯೊನನ್ನೂ ಸಾಂತಿಯಾಗೋದ ಏರು ಹತ್ತಿಸುವಷ್ಟು ತ್ರಾಣ ನಮ್ಮ ಜಾವಾಕ್ಕೆ ಇಲ್ಲ. ಸಾಲಿನಲ್ಲಿದ್ದವರೆಲ್ಲ ಸಲಹೆ ಕೊಟ್ಟರು. ಪ್ಲಗ್ ಅಂದವರು ಕೆಲವರು, ಪೆಟ್ರೋಲಿನಲ್ಲಿ ನೀರು ಬೆರೆತಿದೆ ಅಂದವರು ಕೆಲವರು. ಅರವತ್ತು ದಾಟಿದ ಹೆಂಗಸು ಒದ್ದರೆ ಯಾವ ಗಾಡಿಯೂ ಮುನಿಸಿಕೊಳ್ಳುತ್ತದೆ ಎಂದು ಒಬ್ಬ ಮುದುಕ ಹೇಳಿದ. ಯಾರೂ ನಗಲಿಲ್ಲ.

ಎವೆಲಿಯೊ ಕೂತಲ್ಲಿಂದಲೇ, "ಪ್ಲಾಟಿನೋ ಕಣೆ. ನನ್ನನ್ನ ಎಂಜಿನ್ ಹತ್ರ ಕೂರ್ಸು" ಅಂದ.

ಎಂಜಿನ್ನಿನ ಬಲಬದಿಯ ಮುಚ್ಚಳದೊಳಗೆ ಎರಡು ಜೋಡಿ ಪುಟ್ಟ ಲೋಹದ ತುಟಿಗಳಿವೆ. ಒಂದೊಂದು ಸಿಲಿಂಡರಿಗೆ ಒಂದೊಂದು ಜೋಡಿ. ತುಟಿ ಬಿಟ್ಟ ಕ್ಷಣ ಕಿಡಿ ಹಾರುತ್ತದೆ. ಅವಕ್ಕೆ ಇಲ್ಲಿ ಎಲ್ಲರೂ ಪ್ಲಾಟಿನೋ ಅನ್ನುತ್ತಾರೆ. ಒಂದು ಕಾಲಕ್ಕೆ ಪ್ಲಾಟಿನಮ್ ಇತ್ತಂತೆ, ಈಗ ಹೆಸರಷ್ಟೇ. ಮದುವೆಯಾದ ಹೊಸದರಲ್ಲಿ ನನ್ನ ಅಮ್ಮನಿಗೆ ಎವೆಲಿಯೊ, ನಮ್ಮನೇಲಿ ಚಿನ್ನ ಇಲ್ಲ ಆದ್ರೆ ಪ್ಲಾಟಿನಮ್ ಇದೆ ಎಂದು ಹೇಳಿ ಅವಳನ್ನು ಒಂದು ದಿನ ನಂಬಿಸಿದ್ದ.

ಅವನ ಕಣ್ಣು ಹೋಗಿ ಮೂರು ವರ್ಷ. ಆದರೂ ಬಸ್ ಡಿಪೋದಲ್ಲಿ ದುಡಿದ ಕೈಗಳು. ನನ್ನ ಉಗುರು ಉಜ್ಜುವ ಅರದಿಂದ ತುಟಿಗಳನ್ನು ಉಜ್ಜಿದ. ಬಹಳ ಹೊತ್ತು ಹಿಡಿಯಿತು. ಮುಗಿದ ಮೇಲೂ ಏಳಲಿಲ್ಲ. ಇಲ್ಲಿ ಗಾಳಿ ಚೆನ್ನಾಗಿದೆ, ಸ್ವಲ್ಪ ಹೊತ್ತು ಕೂರೋಣ ಎಂದ. ಡಯಾಲಿಸಿಸ್ಸಿಗೆ ಆಗಲೇ ತಡವಾಗಿತ್ತು. ಕೈಹಿಡಿದು ಎಬ್ಬಿಸಿದೆ.

ಆಸ್ಪತ್ರೆಯಲ್ಲಿ ನರ್ಸ್ ನೀಲ್ಸಾ ಬೈಯಲಿಲ್ಲ. ಮುಂದಿನ ಪಾಳಿಯವರು ಕಾಯುತ್ತಿದ್ದಾರೆ, ಯಂತ್ರವನ್ನು ಹೊತ್ತಿಗೆ ಮುಂಚೆ ಬಿಚ್ಚಬೇಕಾಗುತ್ತದೆ ಎಂದಷ್ಟೇ ಹೇಳಿದಳು. ಒಂದು ಗಂಟೆ ನಷ್ಟ. ಅವನ ರಕ್ತದಲ್ಲಿ ಉಳಿದ ಕೊಳೆಗೆ ಪ್ಲಾಟಿನೋದ ಕಥೆ ಅರ್ಥವಾಗುವುದಿಲ್ಲ.

ಈ ಊರಿನ ಯಾವ ಸಾಲಿಗೆ ಹೋದರೂ 'ಕೊನೆಯವರು ಯಾರು?' ಎಂದು ಕೂಗಿ ಕೇಳಿ ಅವರ ಹಿಂದೆ ನಿಲ್ಲುವುದು ರೂಢಿ. ಆ ಕಾರಿಡಾರಿನಲ್ಲಿ ಮಾತ್ರ ಯಾರೂ ಹಾಗೆ ಕೇಳುವುದಿಲ್ಲ. 'ನನಗಿಂತ ಮುಂಚೆ ಬಂದವರು ಯಾರು?' ಅನ್ನುತ್ತಾರೆ. ಇವತ್ತು ಗಮನಿಸಿದೆ.

ಫೆಬ್ರವರಿ 7, ಬುಧವಾರ

ಕರೆಂಟಿಲ್ಲ. ಹಿತ್ತಲಿನ ಬೆಳಕಿನಲ್ಲಿ ಮುಚ್ಚಳ ಬಿಚ್ಚಿ ಕೂತೆವು. ಒಂದು ತುಟಿಯಲ್ಲಿ ಗುಳಿ, ಎದುರಿನದರಲ್ಲಿ ಅಷ್ಟೇ ಎತ್ತರದ ಗುಬುಟು. ಉಜ್ಜಿ ಉಜ್ಜಿ ಲೋಹವೇ ಉಳಿದಿಲ್ಲ.

ಪಿಸ್ಟನ್ ಮೇಲಿನ ತುದಿ ತಲುಪಲು ಮೂರು ಮಿಲಿಮೀಟರ್ ಇರುವಾಗ ತುಟಿ ಬಿಡಬೇಕು. ಅದನ್ನು ಹೊಂದಿಸುವುದಕ್ಕೆ ಎವೆಲಿಯೊ ಒಂದು ಸಿಗರೇಟು ಸೀಳಿ, ತಂಬಾಕು ಕೊಡವಿ, ಕಾಗದದ ಪಟ್ಟಿಯನ್ನು ತುಟಿಗಳ ನಡುವೆ ಕಚ್ಚಿಸಿ ಹಗುರಾಗಿ ಎಳೆದು ಹಿಡಿಯುತ್ತಾನೆ. ನಾನು ಎಂಜಿನ್ನನ್ನು ಕೂದಲೆಳೆಯಷ್ಟು ತಿರುಗಿಸುತ್ತೇನೆ. ಕಾಗದ ಜಾರಿದ ಕ್ಷಣವೇ ಕಿಡಿಯ ಕ್ಷಣ. ಕಣ್ಣು ಬೇಡದ ಕೆಲಸ. ಮನೆಯಲ್ಲಿ ಅವನಿಗೆ ಉಳಿದಿರುವ ಕೆಲಸವೂ ಇದೊಂದೇ.

ಇವತ್ತು ಕಾಗದ ಜಾರಿ ಅವನ ಬೆರಳಿಗೇ ಬಂದಿತ್ತು. ಅವನು ಮಾತ್ರ, ಇನ್ನೂ ಸ್ವಲ್ಪ ತಿರುಗ್ಸು, ಇನ್ನೂ ಸ್ವಲ್ಪ, ಅನ್ನುತ್ತಲೇ ಇದ್ದ. ಬೆರಳ ತುದಿಗಳ ಸ್ಪರ್ಶವೂ ಹೋಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ತಿರುಗಿಸಿದಂತೆ ಮಾಡಿ, ಆಮೇಲೆ "ಜಾರಿತು" ಎಂದೆ.

"ಗೊತ್ತಾಯ್ತು ಬಿಡು" ಎಂದ.

ಎಲ್ಲಾದರೂ ಹೊಸ ಪ್ಲಾಟಿನೋ ಜೋಡಿ ಸಿಕ್ಕರೆ ಇನ್ನೊಂದು ವರ್ಷ ಯೋಚನೆಯಿಲ್ಲ ಎಂಬುದು ಅವನ ಮಾತು. ನಾನು ವಾದ ಮಾಡಲಿಲ್ಲ. ಪ್ಲಾಟಿನೋ ಬೇಡದ, ಯಾರ ಬೆರಳೂ ಬೇಡದ ಕಿಡಿಯ ವ್ಯವಸ್ಥೆ ಹಾಕಿಸುವುದೆಂದು ನಿರ್ಧರಿಸಿದ್ದೇನೆ.

ಫೆಬ್ರವರಿ 11, ಭಾನುವಾರ

ಎರಡು ದಾರಿಗಳಿವೆ.

ಒಂದು, ಫ್ರೋಯ್ಲಾನ್ ಮಾಡಿಕೊಡುವುದು. ಗೋಡೆಯಾಚೆಯ ಮನೆಯವನು, ರೇಡಿಯೋ ರಿಪೇರಿಯವನು. ಹಳೆಯ ಲಾಡಾ ಕಾರಿನ ಕಿಡಿಪೆಟ್ಟಿಗೆಗೆ ಇನ್ಯಾವುದೋ ಮುದ್ರಣಯಂತ್ರದಿಂದ ಕಿತ್ತ ಸಂವೇದಕವನ್ನು ಬೆಸೆದು, ಮೀನಿನ ಡಬ್ಬಿಯೊಳಗೆ ಕೂರಿಸಿದ್ದಾನೆ. ಎರಡು, ಎವೆಲಿಯೊನ ಹಳೆಯ ಗೆಳೆಯ ಯಾರ್ದಾ ಕಳಿಸುತ್ತೇನೆ ಎಂದಿರುವುದು. ಎವೆಲಿಯೊ ಹುಡುಗನಾಗಿದ್ದಾಗ ಚೆಕ್ ನಾಡಿನ ಬ್ರನೋದ ನೂಲಿನ ಗಿರಣಿಗೆ ದುಡಿಯಲು ಹೋಗಿದ್ದನಲ್ಲ, ಆಗ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವನು ಯಾರ್ದಾ. ಅಲ್ಲಿ ಹಳೆಯ ಜಾವಾಗಳಿಗೆಂದೇ ಪೂರ್ತಿ ಹೊಸ ವ್ಯವಸ್ಥೆ ಮಾಡಿ ಮಾರುತ್ತಾರಂತೆ: ಅಯಸ್ಕಾಂತದ ಚಕ್ರ, ಸುರುಳಿಗಳ ತಟ್ಟೆ, ಎರಡೂ ಪ್ಲಗ್ಗಿಗೆ ಒಂದೇ ಕಾಯಿಲ್. ಬ್ಯಾಟರಿ ಸತ್ತರೂ ಕಿಡಿ ಬರುತ್ತದೆ. ಒಮ್ಮೆ ಕೂರಿಸಿದರೆ ಮತ್ತೆ ಮುಟ್ಟಬೇಕಾಗಿಲ್ಲ.

ಫ್ರೋಯ್ಲಾನನ ಡಬ್ಬಿಯನ್ನು ಅವನ ಮೇಜಿನ ಮೇಲೆ ನೋಡಿದೆ. ಕಾದ ಮೇಲೆ ಕಿಡಿ ನಿಂತಿತು, ತಣ್ಣಗಾದ ಮೇಲೆ ಬಂತು. ಆಸ್ಪತ್ರೆಯ ಏರಿನಲ್ಲಿ ತಣ್ಣಗಾಗಲು ಕಾಯುವುದಕ್ಕೆ ಆಗುವುದಿಲ್ಲ ಎಂದೆ.

ಅವನಿಗೆ ಸಿಟ್ಟು ಬಂತು. ನನ್ನೊಂದಿಗೆ ಮಾತಾಡುವುದು ಬಿಟ್ಟು ಎವೆಲಿಯೊನ ಕಡೆ ತಿರುಗಿದ. ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ಕೊಂಪಾಯ್, ಗೆಳೆಯ ಎಂದು. "ಕೊಂಪಾಯ್, ನಿನ್ನ ಹೆಂಡ್ತಿಗೆ ಸ್ವಲ್ಪ ಹೇಳಪ್ಪ. ನಂದು ಕೆಟ್ರೆ ಗೋಡೆ ತಟ್ಟಿದ್ರೆ ಸಾಕು, ಚಡ್ಡೀಲೇ ಓಡಿ ಬರ್ತೀನಿ. ಆ ಯುರೋಪಿಂದು ಕೆಟ್ರೆ ಯಾವ ಗೋಡೆ ತಟ್ತೀರ?"

"ಅವ್ಳು ಹೇಳಿಸ್ಕೊಳ್ಳೋಳಲ್ಲ ಕೊಂಪಾಯ್. ತಿದ್ದೋಳು" ಎಂದ ಎವೆಲಿಯೊ.

ಮುದ್ರಣಾಲಯದಲ್ಲಿ ಕರಡು ತಿದ್ದಿಕೊಂಡು ಮೂವತ್ತು ವರ್ಷ ಕಳೆದವಳು ನಾನು. ಅದಕ್ಕೇ ಅವನು ನನ್ನನ್ನು ಅಲ್ಪವಿರಾಮ ಎಂದು ಕರೆಯುವುದು. ಆಮೇಲೆ ಮೂವರೂ ಬಟಾಣಿ ಬೆರೆಸಿದ ಕಾಫಿ ಕುಡಿದೆವು. ಎವೆಲಿಯೊನಿಗೆ ದಿನಕ್ಕೆ ಇಷ್ಟೇ ನೀರು ಎಂಬ ಅಳತೆಯಿದೆ, ಅವನದ್ದು ಒಂದು ಗುಟುಕು. ಗುಟುಕನ್ನು ಬಾಯಲ್ಲಿ ಇಟ್ಟುಕೊಂಡೇ ಕೂತಿದ್ದ.

ಕಳಿಸು ಎಂದು ಯಾರ್ದಾಗೆ ಫ್ರೋಯ್ಲಾನನ ಫೋನಿನಿಂದಲೇ ಸುದ್ದಿ ಮುಟ್ಟಿಸಿದೆ. ಎವೆಲಿಯೊನನ್ನು ಕೇಳುವುದು ಉಳಿದಿತ್ತು, ಆದರೆ ಅವನು ಅಷ್ಟರಲ್ಲಿ ಮಲಗಿದ್ದ.

ಫೆಬ್ರವರಿ 17, ಶನಿವಾರ

ಹೋಗುವಾಗ ಎರಡು ಸಲ ನಿಂತಿತು. ಬರುವಾಗ ನಿಲ್ಲಲಿಲ್ಲ. ಹೋಗುವಾಗಲೇ ಏಕೆ ಎಂದು ಅರ್ಥವಾಗುವುದಿಲ್ಲ. ಬೆಳಗಿನ ತೇವ ಇರಬಹುದು.

ಎವೆಲಿಯೊ ಹಿಂದೆಲ್ಲ ಸೈಡ್‌ಕಾರಿನ ಅಂಚಿನ ಮೇಲೆ ಅಂಗೈ ಇಟ್ಟು ಎಂಜಿನ್ ಕೇಳುತ್ತ ಬರುತ್ತಿದ್ದ. ಬಲಗಡೇದು ತಡವಾಗಿ ಉರೀತಿದೆ, ಎಣ್ಣೆ ಜಾಸ್ತಿ ಆಯ್ತು, ಹೀಗೆ. ಈಗಲೂ ಕೈ ಅಲ್ಲೇ ಇರುತ್ತದೆ. ತೀರ್ಪು ಮಾತ್ರ ಬರುವುದಿಲ್ಲ.

ಮಾರ್ಚ್ 3, ಭಾನುವಾರ

ಯಾರ್ದಾನ ಪೊಟ್ಟಣ ಬಂತು. ಪ್ರವಾಸಕ್ಕೆ ಬಂದ ಅವನ ಊರಿನ ದಂಪತಿ ಹೋಟೆಲಿನ ಬಾಗಿಲಲ್ಲಿ ಕೈಗಿತ್ತು, ಫೋಟೋ ತೆಗೆಸಿಕೊಂಡು ಹೋದರು. ದುಡ್ಡಿನ ಮಾತೆತ್ತಬಾರದೆಂದು ಯಾರ್ದಾ ಚೀಟಿ ಇಟ್ಟಿದ್ದಾನೆ.

ಅಡುಗೆಮನೆಯ ಮೇಜಿನ ಮೇಲೆ ಒಂದೊಂದಾಗಿ ಬಿಚ್ಚಿದೆ. ಎಲ್ಲದಕ್ಕೂ ಹೊಸ ರಬ್ಬರಿನ ವಾಸನೆ. ಎವೆಲಿಯೊ ಮುಟ್ಟಿ ಮುಟ್ಟಿ ಹೆಸರು ಹೇಳಿದ. ಚಕ್ರವನ್ನು ಕೈಗೆ ಕೊಟ್ಟಾಗ ಒಳಗೆ ಬೆರಳು ತೂರಿಸಿ, ಅಂಟಿಸಿದ ಅಯಸ್ಕಾಂತದ ಬಿಲ್ಲೆಗಳನ್ನು ಎಣಿಸುವವನಂತೆ ಸುತ್ತ ಸವರಿದ. ಕಾಫಿ ಚಮಚ ಎಳೆದುಕೊಂಡು ಹೋಗಿ ಅದಕ್ಕೆ ಕಚ್ಚಿಕೊಂಡಿತು.

"ಒಳ್ಳೆ ಸಾಮಾನು" ಎಂದ. "ಇದು ನನ್ನನ್ನೂ ಹೂತು ಹಾಕಿ ಆಮೇಲೂ ಓಡತ್ತೆ."

ಅದು ಹೊಗಳಿಕೆ. ಸಾಮಾನು ಅವನಿಗೆ ಹಿಡಿಸಿದೆ ಎಂದು ನನಗೆ ಸಮಾಧಾನವಾಯಿತು.

ಮಾರ್ಚ್ 4, ಸೋಮವಾರ

ಜೊತೆಗೆ ಬಂದ ಹಾಳೆ ಪೂರ್ತಿ ಚೆಕ್ ಭಾಷೆಯಲ್ಲಿದೆ. ನನಗೆ ಓದಲು ಬರುತ್ತದೆ, ಅರ್ಥವಾಗುವುದಿಲ್ಲ. ಅವನಿಗೆ ಅರ್ಥವಾಗುತ್ತದೆ, ಓದಲು ಕಣ್ಣಿಲ್ಲ. ಹಾಗಾಗಿ ನಾನು ಅಕ್ಷರಗಳನ್ನು ಕೂಡಿಸಿ ಉಚ್ಚರಿಸುವುದು, ಅವನು ಅದನ್ನು ಬಿಡಿಸಿ ಹೇಳುವುದು, ನಾನು ಅವನು ಹೇಳಿದ್ದನ್ನು ಬರೆದುಕೊಳ್ಳುವುದು ಎಂದು ಮಾಡಿಕೊಂಡೆವು.

ಮೊದಲ ಪದಕ್ಕೇ ನಕ್ಕ. ಇಂಥ ನಗು ಕೇಳಿ ಎಷ್ಟೋ ಕಾಲವಾಗಿತ್ತು.

"ನಿಧಾನ ಮುದುಕಿ. ಹಲ್ಲು ಮುರ್ಕೋತೀಯ."

"ಇಲ್ಲಿ ನಾಕು ವ್ಯಂಜನ ಒಟ್ಟಿಗಿವೆ, ಮಧ್ಯೆ ಏನೂ ಇಲ್ಲ. ಅಚ್ಚಿನ ತಪ್ಪಿರ್ಬೇಕು."

"ತಪ್ಪಲ್ಲ ಕಣೆ. ಆ ಭಾಷೇಲಿ ಸ್ವರಗಳು ರೇಷನ್ ಕಾರ್ಡಿಗೆ ಮಾತ್ರ."

ಮಧ್ಯಾಹ್ನವೆಲ್ಲ ಹೀಗೇ ಹೋಯಿತು. ಒಂದು ಪದ ನನ್ನ ಬಾಯಲ್ಲಿ ಏನಾಯಿತೋ, ಅವನು ಬಹಳ ಹೊತ್ತು ಯೋಚಿಸಿ, ಇದು ತಿರುಪು ಅಥವಾ ಅತ್ತೆ ಎಂದ. ಹಾಸ್ಟೆಲಿನ ಹಿಂದಿನ ಹಿಮದಲ್ಲಿ ಯಾರ್ದಾನ ಜಾವಾ ಓಡಿಸಿದ್ದನ್ನು ಹೇಳಿದ. ಆ ಕಥೆ ನನಗೆ ಗೊತ್ತಿರಲಿಲ್ಲ.

ಒಂದು ಪೂರ್ಣವಿರಾಮವನ್ನೂ ಬಿಡದೆ ಓದಿದ್ದೇನೆ. ಬುಧವಾರ ಕೂರಿಸುತ್ತೇವೆ. ನಾಳೆ ಮಂಗಳವಾರ, ಹಳೆಯ ಪ್ಲಾಟಿನೋಗಳ ಕೊನೆಯ ಸವಾರಿ.

ಮಾರ್ಚ್ 6, ಬುಧವಾರ

ಕೆಟ್ಟಿತು. ಆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಹಳೆಯ ಡೈನಮೋ, ಪ್ಲಾಟಿನೋಗಳ ತಟ್ಟೆ, ಎರಡು ಕಾಯಿಲ್, ಎಲ್ಲವನ್ನೂ ಬಿಚ್ಚಿದೆವು. ಹೊಸ ತಟ್ಟೆ ಕೂತಿತು. ತಂತಿಗಳ ಬಣ್ಣ ನಾನು ಹೇಳಿದೆ, ಸೇರಿಸಿದ್ದು ಅವನು. ಪ್ಲಗ್ಗಿನ ತಂತಿಗಳಿಗೆ ಎಡ, ಬಲ ಎಂದು ಗುರುತು ಕಟ್ಟಲು ಹೊರಟಾಗ ತಡೆದ. ಈಗ ಎರಡಕ್ಕೂ ಒಟ್ಟಿಗೇ ಕಿಡಿ, ಯಾವುದು ಎಲ್ಲಿ ಹೋದರೂ ನಡೆಯುತ್ತದೆ, ಒಂದು ಕಿಡಿ ಉರಿಸುತ್ತದೆ, ಇನ್ನೊಂದು ಸುಮ್ಮನೆ ಹಾರಿ ಹೋಗುತ್ತದೆ ಎಂದ. ಹಾಗಾದರೆ ಅರ್ಧ ಕಿಡಿ ವ್ಯರ್ಥವಲ್ಲವೇ ಎಂದೆ. ಹೂಂ ಎಂದ.

ಪಿಸ್ಟನ್ನನ್ನು ಮೂರು ಮಿಲಿಮೀಟರಿಗೆ ನಿಲ್ಲಿಸಿ, ಚಕ್ರದ ಗೆರೆಯನ್ನು ತಟ್ಟೆಯ ಗೆರೆಗೆ ಹೊಂದಿಸಿದೆ. ಚಕ್ರ ಚೂಪಾದ ದಂಡದ ಮೇಲೆ ಸಡಿಲವಾಗಿ ಕೂತಿತ್ತು. ನಡುವಿನ ತಿರುಪು ಬಿಗಿದರೆ ಆಯಿತು.

ಎವೆಲಿಯೊ ಚಕ್ರದ ಮೇಲೆ ಅಂಗೈ ಇಟ್ಟುಕೊಂಡು ಕೇಳಿದ: "ಹಾಳೇಲಿ ಇನ್ನೇನಾದ್ರೂ ಇದ್ಯಾ?"

"ಇಲ್ಲ. ಅಷ್ಟೇ."

"ಅಷ್ಟೇನಾ?"

"ಅಷ್ಟೇ."

ಚಕ್ರದ ಮೇಲಿನ ಅಂಗೈ ತೆಗೆದ. ಆಮೇಲೆ ಸುತ್ತಿಗೆ ಕೇಳಿದ. ನಮ್ಮೂರಿನ ಮೆಕ್ಯಾನಿಕ್ಕುಗಳು ಏನನ್ನು ಕೂರಿಸಿದರೂ ಕೊನೆಗೊಂದು ಏಟು ಹಾಕುತ್ತಾರೆ, ಆಶೀರ್ವಾದದ ಹಾಗೆ. ಕೊಟ್ಟೆ. ಎರಡು ಸಲ ಹೊಡೆದ. ಜೋರಾಗಿ ಅಲ್ಲ.

ಒದ್ದಾಗ ಒಳಗಿಂದ ಕರಕರ ಸದ್ದು ಬಂತು. ಕಿಡಿಯಿಲ್ಲ. ಮತ್ತೆ ಚಕ್ರ ಎಳೆದು ತೆಗೆದೆ. ಒಂದು ಅಯಸ್ಕಾಂತ ಅಡ್ಡಕ್ಕೆ ಬಿರಿದು, ಅರ್ಧ ತುಂಡು ಕಿತ್ತು ಬಂದಿತ್ತು.

ಅವನು ಕೈತೊಳೆಯಲು ಹೋದಾಗ ಹಾಳೆಯನ್ನು ಮತ್ತೆ ನೋಡಿದೆ. ಕೆಳಗಿನ ಮೂಲೆಯಲ್ಲಿ ಪುಟ್ಟದೊಂದು ಚಿತ್ರವಿದೆ: ಚಕ್ರ, ಅದರ ಮೇಲೆ ಸುತ್ತಿಗೆ, ಸುತ್ತಿಗೆಯ ಮೇಲೆ ಎಳೆದ ದಪ್ಪ ಕಾಟು. ಪಕ್ಕದಲ್ಲಿ ಒಂದು ಅಕ್ಷರವೂ ಇಲ್ಲ. ನಾನು ಅಕ್ಷರಗಳನ್ನು ಓದಿದ್ದೆ. ಮುದ್ರಣಾಲಯದಲ್ಲಿ ಚಿತ್ರಗಳನ್ನು ನೋಡುವವರು ಬೇರೆ ಇದ್ದರು, ಪಕ್ಕದ ಕೋಣೆಯಲ್ಲಿ.

ಅವನು ವಾಪಸು ಬಂದಾಗ, ಬರುವ ದಾರಿಯಲ್ಲೇ ಪೆಟ್ಟು ತಿಂದಿತ್ತು ಅಂತ ಕಾಣುತ್ತದೆ ಎಂದೆ.

"ಇರ್ಬಹುದು" ಎಂದ.

ಮಾರ್ಚ್ 7, ಗುರುವಾರ

ಡಯಾಲಿಸಿಸ್ಸಿಗೆ ಹೋಗಲಾಗಲಿಲ್ಲ. ಹಳೆಯದನ್ನೇ ಮತ್ತೆ ಜೋಡಿಸೋಣವೆಂದರೆ ಪ್ಲಾಟಿನೋದ ಒಂದು ಸ್ಪ್ರಿಂಗ್ ಬಿಚ್ಚುವಾಗಲೇ ತುಂಡಾಗಿದೆ. ಆಸ್ಪತ್ರೆಯ ಕಾರು ಕೆಳಗಿನ ಬಡಾವಣೆಗಳಿಗೆ ಹೊರಟುಹೋಗಿತ್ತು. ಮುಖ್ಯರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಂತೆ. ಒಂದು ಲಾರಿಯವನು ನಿಲ್ಲಿಸಿದ, ಅವನು ಹೋಗುತ್ತಿದ್ದದ್ದು ಊರಿನ ಇನ್ನೊಂದು ತುದಿಗೆ.

ಸೋತು ಮನೆಗೆ ಬಂದರೆ ಎವೆಲಿಯೊ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಫ್ರೋಯ್ಲಾನನ ಜೊತೆ ಡಾಮಿನೋ ಆಡುತ್ತಿದ್ದ. ಚುಕ್ಕೆಗಳು ಬೆರಳಿಗೆ ಸಿಗದಿದ್ದಾಗ ಬಿಲ್ಲೆಯನ್ನು ತುಟಿಗೆ ಮುಟ್ಟಿಸಿ ಎಣಿಸುತ್ತಿದ್ದ. ಗೆದ್ದ. ಬಾಳೆಕಾಯಿ ಹುರಿದುಕೊಡು ಎಂದ. ಅವನಿಗೆ ಅದು ಪೂರ್ತಿ ನಿಷಿದ್ಧ, ಒಂದೇ ಬಿಲ್ಲೆ ಕೊಟ್ಟೆ. ಕಣ್ಣು ಮುಚ್ಚಿಕೊಂಡು ತಿಂದ, ಕುರುಡರೂ ರುಚಿಗೆ ಕಣ್ಣು ಮುಚ್ಚುತ್ತಾರೆ. ಮಧ್ಯಾಹ್ನ ಗೊರಕೆ ಹೊಡೆದು ಮಲಗಿದ.

ಹೋಗದ ದಿನ ಮುಖ ಇಷ್ಟು ಅರಳಿರುವುದು ಒಳ್ಳೆಯ ಲಕ್ಷಣವಲ್ಲ. ಕೊಳೆ ತಲೆಗೇರಿದಾಗ ಹೀಗಾಗುತ್ತದೆಯೋ ಏನೋ. ನೀಲ್ಸಾಳನ್ನು ಕೇಳಬೇಕು.

ಮಾರ್ಚ್ 8, ಶುಕ್ರವಾರ

ಕಾಲುಗಳು ಊದಿವೆ. ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ.

ಗೋಡೆ ತಟ್ಟಿದೆ. ಫ್ರೋಯ್ಲಾನ್ ಬಂದ, ಚಡ್ಡಿಯಲ್ಲಿ ಅಲ್ಲ. ಚಕ್ರ ನೋಡಿ ಒಂದೂ ಕೊಂಕು ಆಡಲಿಲ್ಲ, ಅದೇ ಭಯವಾಯಿತು. ಎಪಾಕ್ಸಿ ಅಂಟು ತಂದ.

ಒಡೆದ ತುಂಡು ತನ್ನ ಉಳಿದರ್ಧದ ಪಕ್ಕ ಕೂರಲು ಒಪ್ಪುವುದಿಲ್ಲ. ಎರಡೂ ಒಂದೇ ಮುಖದವು, ಹತ್ತಿರ ತಂದರೆ ಹಾರಿ ದೂರ ಹೋಗುತ್ತದೆ. ಒಂದಾಗಿದ್ದಾಗ ಈ ಜಗಳ ಇರಲಿಲ್ಲವೇ ಎಂದು ಕೇಳಿದೆ. ಇತ್ತು, ಬಿರುಕಿರಲಿಲ್ಲ ಅಷ್ಟೇ ಎಂದ ಫ್ರೋಯ್ಲಾನ್. ಮರದ ಬೆಣೆಯಿಂದ ತುಂಡನ್ನು ಅದುಮಿ ಹಿಡಿಯುವುದು ನನ್ನ ಪಾಲಿಗೆ ಬಂತು. ಅಂಟು ಗಟ್ಟಿಯಾಗುವವರೆಗೆ ಅಲುಗಾಡುವಂತಿರಲಿಲ್ಲ. ಆಮೇಲೆ ಹೆಚ್ಚಾದ ಅಂಟನ್ನು ಅರದಿಂದ ತೆಗೆದು, ಚಕ್ರ ತಟ್ಟೆಗೆ ಉಜ್ಜದಂತೆ ಕಾಗದ ತೂರಿಸಿ ಪರೀಕ್ಷಿಸಿದೆ. ಗೆರೆಗೆ ಗೆರೆ ಹೊಂದಿಸಿ, ತಿರುಪನ್ನು ಮಾತ್ರ ಬಿಗಿದೆ.

ಎವೆಲಿಯೊ ಒಳಗೇ ಇದ್ದ. ಎರಡು ಸಲ ಕರೆದೆ, ನೀವೇ ಮಾಡಿ ಎಂದ.

ಮಾರ್ಚ್ 9, ಶನಿವಾರ

ಮೊದಲ ಒದೆತಕ್ಕೇ ಹಿಡಿಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಫ್ರೋಯ್ಲಾನ್ ಬೀದಿಗೆ ಬಂದು ಟೋಪಿ ತೆಗೆದ. ಏರಿನಲ್ಲಿ ಎರಡೂ ಸಿಲಿಂಡರುಗಳು ಕೊನೆಯವರೆಗೂ ಒಂದೇ ಸಮ ಹೊಡೆದವು. ನಾವು ಹೊತ್ತಿಗೆ ಮುಂಚೆಯೇ ಹೋದೆವು. ಬಾಗಿಲು ತೆಗೆದಿರಲಿಲ್ಲ.

ನೀಲ್ಸಾ ಕಾಲು ನೋಡಿ ನನ್ನನ್ನು ಕಾರಿಡಾರಿಗೆ ಕರೆದಳು. ಇನ್ನೊಮ್ಮೆ ತಪ್ಪಿಸಬೇಡಿ ಎಂದಳು. ಇನ್ನು ತಪ್ಪುವುದಿಲ್ಲ, ಗಾಡಿ ಸರಿಯಾಯಿತು ಎಂದೆ. ಮೊನ್ನೆ ಅವನು ಖುಷಿಯಾಗಿದ್ದ ವಿಷಯ ಕೇಳಲು ಬಾಯಿ ಬರಲಿಲ್ಲ.

ಮಾರ್ಚ್ 12, ಮಂಗಳವಾರ

ಮೊದಲ ಒದೆತ. ಎವೆಲಿಯೊ ದಾರಿಯುದ್ದಕ್ಕೂ ನಿದ್ದೆ. ಅಂಗೈ ಅಂಚಿನ ಮೇಲಿರಲಿಲ್ಲ, ತೊಡೆಗಳ ನಡುವೆ ಇತ್ತು.

ಮಾರ್ಚ್ 14, ಗುರುವಾರ

ಮೊದಲ ಒದೆತ.

ಮಾರ್ಚ್ 16, ಶನಿವಾರ

ಅದೇ. ಬ್ರೆಡ್ಡಿನ ಸಾಲಿನವರು ಈಗ ನಮ್ಮನ್ನು ನೋಡುವುದೂ ಇಲ್ಲ.

ಹಳೆಯ ತಟ್ಟೆಯನ್ನು ಏನು ಮಾಡಲಿ ಎಂದು ಕೇಳಿದೆ. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಯಾರಿಗಾದ್ರೂ ಕೊಡು ಎಂದ.

ಮಾರ್ಚ್ 19, ಮಂಗಳವಾರ

ಇವತ್ತಿನದನ್ನು ಅವನು ಆಡಿದ ಹಾಗೆಯೇ ಬರೆಯಬೇಕು, ತಿದ್ದದೆ.

ಗಾಡಿ ಬೀದಿಯಲ್ಲಿ ಓಡುತ್ತಿತ್ತು. ಕರೆತರಲು ಒಳಗೆ ಹೋದೆ. ಹಾಸಿಗೆಯ ಅಂಚಿನಲ್ಲಿ ಕೂತಿದ್ದ, ಬಟ್ಟೆ ಹಾಕಿಕೊಂಡಿರಲಿಲ್ಲ. ತಡವಾಗುತ್ತದೆ ಎಂದೆ.

"ನಾನು ಬರಲ್ಲ ನೆರೈದಾ."

ಹೆಸರು ಹಿಡಿದು ಕರೆದನೆಂದರೆ ತಮಾಷೆಯಲ್ಲ. ಜ್ವರವೇ ಎಂದು ಹಣೆ ಮುಟ್ಟಲು ಹೋದೆ, ಕೈ ಸರಿಸಿದ.

"ದಿನಾ ಬೆಳಗ್ಗೆ ಒಂದೇ ಕೇಳ್ಕೋತಿದ್ದೆ. ಇವತ್ತು ಹಿಡೀದೆ ಇರ್ಲಿ ಅಂತ. ನಿಂತ್ರೆ ನಂದೇನೂ ತಪ್ಪಿರ್ತಿರ್ಲಿಲ್ಲ. ಪ್ಲಾಟಿನೋ ಹಾಳಾಗಿತ್ತು, ಹೋಗಕ್ಕಾಗ್ಲಿಲ್ಲ, ಮುಗೀತು. ಈಗ ಅದು ನಿಲ್ಲೋದೇ ಇಲ್ಲ. ಈಗ ನಾನೇ ಹೇಳ್ಬೇಕಾಗಿದೆ."

ಹಾಗಾದರೆ ಆ ಏರಿನಲ್ಲಿ ನಿಂತದ್ದೆಲ್ಲ ನೀನೇ ಮಾಡಿದ್ದೇ ಎಂದು ಕೇಳಿದೆ. ಅದೇ ಕೇಳಿದ್ದು, ಬೇರೆ ಎಷ್ಟೋ ಕೇಳಬಹುದಿತ್ತು.

ಅಲ್ಲ, ಅವು ತಾವಾಗಿಯೇ ನಿಂತದ್ದು ಎಂದ. ಉಜ್ಜುವಾಗ ಅವಸರ ಮಾಡಲಿಲ್ಲ, ಅಷ್ಟೇ. ಆಮೇಲೆ, ಸುತ್ತಿಗೆ ಮಾತ್ರ ನಂದು ಎಂದ.

"ಅಯಸ್ಕಾಂತದ ಚಕ್ರಕ್ಕೆ ಸುತ್ತಿಗೆ ಹಾಕ್ಬಾರ್ದು ಅಂತ ಡಿಪೋದಲ್ಲಿ ಕಸ ಗುಡಿಸೋನಿಗೂ ಗೊತ್ತು. ಹಾಳೇಲಿ ಆ ಮಾತು ಇರ್ಲೇಬೇಕಿತ್ತು. ನೀನು ಓದ್ತೀಯ ಅಂತ ಕಾಯ್ತಿದ್ದೆ. ಎರಡು ಸಲ ಕೇಳ್ದೆ, ಅಷ್ಟೇ ಅಂದೆ. ನೀನು ಮೂವತ್ತು ವರ್ಷದಲ್ಲಿ ಒಂದು ಚುಕ್ಕೆ ಬಿಟ್ಟೋಳಲ್ಲ. ಬಿಟ್ಟೆ ಅಂದ್ರೆ ಬೇಕಂತ್ಲೇ ಬಿಟ್ಟೆ. ನಿಂಗೂ ಸಾಕಾಗಿದೆ, ಬಾಯ್ಬಿಟ್ಟು ಹೇಳಕ್ಕಾಗ್ತಿಲ್ಲ, ಹೀಗೆ ಹೇಳ್ತಿದ್ದೀಯ ಅಂದ್ಕೊಂಡೆ. ಅವತ್ತು ನಿನ್ನ ಮೇಲೆ ಎಷ್ಟು ಪ್ರೀತಿ ಬಂತು ಗೊತ್ತಾ?"

ಬೀದಿಯಲ್ಲಿ ಎಂಜಿನ್ ಒಂದೇ ಸಮ ಹೊಡೆಯುತ್ತಿತ್ತು. ಅದರ ಮೇಲೆ ಕೂಗಿ ಹೇಳಬೇಕಾಯಿತು.

"ಅದು ಚಿತ್ರ ಆಗಿತ್ತು."

"ಏನು?"

"ಸುತ್ತಿಗೆ. ಅಕ್ಷರ ಇರ್ಲಿಲ್ಲ. ಚಿತ್ರ ಇತ್ತು. ನಾನು ಚಿತ್ರ ಓದ್ಲಿಲ್ಲ."

ಅವನು ನಕ್ಕ. ಚೆಕ್ ಪದಗಳಿಗೆ ನಕ್ಕಂತಲ್ಲ. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬಂದು, ಕಣ್ಣಲ್ಲಿ ನೀರು ಬರುವವರೆಗೆ. ನನಗೆ ನಗು ಬರಲಿಲ್ಲ. ಬೆನ್ನು ಸವರುತ್ತ ನಿಂತೆ. ಬೆನ್ನಿನ ಮೂಳೆಗಳೆಲ್ಲ ಕೈಗೆ ಸಿಕ್ಕವು.

"ಹಾಗಾದ್ರೆ ನಿಂಗೆ ಸಾಕಾಗಿಲ್ಲ" ಎಂದ, ಕೊನೆಗೆ.

"ಇಲ್ಲ."

"ಆದ್ರೆ ಸೂಜಿ ಚುಚ್ಚೋದು ನಿಂಗಲ್ಲ ಅಲ್ಪವಿರಾಮ."

ಬಹಳ ಹೊತ್ತಿನ ಮೇಲೆ ಅವನೇ ಕೈಚಾಚಿ ಅಂಗಿ ಕೇಳಿದ. ಇವತ್ತೊಂದು ದಿನ, ನಿನ್ನ ಚಿತ್ರಕ್ಕೋಸ್ಕರ ಎಂದ. ಗುಂಡಿಗಳನ್ನು ಹಾಕಿಕೊಟ್ಟೆ. ಹೋಗಿ ಬಂದೆವು.

ಮಾರ್ಚ್ 20, ಬುಧವಾರ

ಅವನು ಬಂದರೆ ಏನು, ಬರದಿದ್ದರೆ ಏನಾಗುತ್ತದೆ ಎಂದು ನೀಲ್ಸಾಳನ್ನು ನಿನ್ನೆ ಕೇಳಿದ್ದೆ. ನಿಲ್ಲಿಸಿದರೆ ಒಂದು ವಾರ, ಹೆಚ್ಚೆಂದರೆ ಎರಡು ಎಂದಳು. ನಿಲ್ಲಿಸದಿದ್ದರೆ ಎಷ್ಟು ಎಂದೆ. ಅದನ್ನು ಯಾರೂ ಹೇಳುವುದಿಲ್ಲ ಎಂದಳು.

ಫ್ರೋಯ್ಲಾನನಿಗೆ ಹಳೆಯ ತಟ್ಟೆ ಕೊಟ್ಟೆ.

ಮಾರ್ಚ್ 21, ಗುರುವಾರ, ಬೆಳಿಗ್ಗೆ

ಗಾಡಿ ಮೊದಲ ಒದೆತಕ್ಕೇ ಹಿಡಿಯಿತು. ಎರಡೂ ಸಿಲಿಂಡರ್ ಸರಿಯಾಗಿವೆ ಎಂದು ಖಾತ್ರಿಯಾದ ಮೇಲೆ ಆರಿಸಿದೆ. ಓಡುತ್ತಿರುವ ಎಂಜಿನ್ನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಕೇಳಿದರೆ ಅದು ಕೇಳಿದಂತಲ್ಲ.

ಒಳಗೆ ಬಂದೆ. ಹಾಸಿಗೆಯ ಮೇಲೆ ಎದ್ದು ಕೂತಿದ್ದ. ಎಂಜಿನ್ ಯಾಕೆ ನಿಂತಿತು ಎಂದು ಕೇಳಿದ. ನಿಂತಿದ್ದಲ್ಲ, ನಾನೇ ಆರಿಸಿದ್ದು ಎಂದೆ.

"ಬರ್ತೀಯಾ?"

ಮದುವೆಯಾದಾಗಿನಿಂದ ಅವನನ್ನು ಎಲ್ಲಿಗೂ ಹೀಗೆ ಕೇಳಿದ ನೆನಪಿಲ್ಲ. ಅವನಿಗೂ ವಿಚಿತ್ರವೆನಿಸಿರಬೇಕು, ಮುಖವನ್ನು ನನ್ನ ದನಿಯ ಕಡೆ ತಿರುಗಿಸಿ ಸ್ವಲ್ಪ ಹೊತ್ತು ಹಿಡಿದ.

"ಯೋಚ್ನೆ ಮಾಡ್ಲಾ?"

"ಮಾಡು."

ಹಾಸಿಗೆಯ ಇನ್ನೊಂದು ಬದಿಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಅವನ ಬೆನ್ನು ನನ್ನ ಬೆನ್ನಿಗೆ ತಾಗಿದೆ. ಏನು ಬರೀತಿದ್ದೀಯ ಎಂದು ಒಮ್ಮೆ ಕೇಳಿದ, ಏನಿಲ್ಲ ಎಂದೆ. ಹೊರಡುವ ಹೊತ್ತು ಮೀರುತ್ತಿದೆ. ಬರ್ತೀಯಾ ಎಂದು ನಾನು ಇನ್ನೊಮ್ಮೆ ಕೇಳಿಲ್ಲ.